ಚಾರ್ಜರ್‌ನಲ್ಲಿ ಹಸಿರು ದೀಪ ಬರುತ್ತದೆ, ಬಸ್ಸಿನ ಸೆಲ್ಫ್ ಮಾತ್ರ ಎಳೆಯಲ್ಲ

ಗಾಲಿಮನೆ:
ಎಲ್ಲರಿಗೂ ನಮಸ್ಕಾರ. ಹಳೇ ಬಸ್ಸೊಂದನ್ನು ತಗೊಂಡು ಸೀಟೆಲ್ಲ ಕಿತ್ತು, ಒಳಗೆ ಮಂಚ, ಅಡುಗೆ ಕಟ್ಟೆ ಎಲ್ಲ ಮಾಡಿ ಓಡಾಡುವ ಮನೆ ಮಾಡಿಕೊಂಡಿದ್ದೇನೆ. 24 ವೋಲ್ಟ್ ಗಾಡಿ. ಎಂಜಿನ್ ಸ್ಟಾರ್ಟ್ ಮಾಡೋಕೆ 12 ವೋಲ್ಟಿನ ಎರಡು ಬ್ಯಾಟರಿ ಸೀರೀಸ್‌ನಲ್ಲಿವೆ, ಅಂದರೆ ಒಂದರ ಹಿಂದೆ ಒಂದು ಜೋಡಿಸಿವೆ, ತಲಾ 180 ಆಂಪಿಯರ್ ಅವರ್ (ತುಂಬಿದಾಗ ಹಿಡಿಯುವ ಚಾರ್ಜ್), ಮಾಮೂಲಿ ನೀರು ಹಾಕುವ ಲೆಡ್ ಬ್ಯಾಟರಿ. ವಯಸ್ಸು ಎರಡು ವರ್ಷ. ಮನೆ ಕಡೆಗೆ ಬೇರೆ 24 ವೋಲ್ಟ್ ಲಿಥಿಯಂ ಬ್ಯಾಟರಿ ಇದೆ, ಅದಕ್ಕೆ ಚಾವಣಿ ಮೇಲಿನ ಸೋಲಾರ್. ಅದರದ್ದೇನೂ ತಕರಾರಿಲ್ಲ.

ತಕರಾರು ಎಂಜಿನ್ ಬ್ಯಾಟರಿಗಳದ್ದು. ಮೂರು ವಾರ ನಿಲ್ಲಿಸಿದರೆ ಸಾಕು, ಸೆಲ್ಫ್ ಹೊಡೆದರೆ 'ಟಕ್' ಅಂತ ಒಂದು ಸದ್ದು, ಅಷ್ಟೇ. 24 ವೋಲ್ಟಿನ 10 ಆಂಪಿಯರ್ ಚಾರ್ಜರ್ ಹಾಕಿದರೆ ಒಂದೇ ಗಂಟೆಯಲ್ಲಿ ಹಸಿರು ದೀಪ ಬರುತ್ತದೆ. ಖುಷಿಯಾಗಿ ಕೀ ತಿರುಗಿಸಿದರೆ ಮತ್ತೆ ಅದೇ 'ಟಕ್'. ಮೀಟರ್ ಹಿಡಿದರೆ 24.8 ವೋಲ್ಟ್ ಇದೆ, ಅದು ತೀರಾ ಕಡಿಮೆಯೇನಲ್ಲ ಅಲ್ವಾ? ಸೆಲ್ಫ್ ಮೋಟರ್ ಬಿಚ್ಚಿಸಬೇಕಾ, ಇಲ್ಲ ಎರಡೂ ಬ್ಯಾಟರಿ ಬದಲಾಯಿಸಬೇಕಾ?

ಬಿಸಿಲುಕುದುರೆ:
ಬ್ಯಾಟರಿ ಹೋಗಿದೆ ಅನ್ಸುತ್ತೆ. ಹೊಸದು ಹಾಕಿ. ಆಮೇಲೆ ಲಿಥಿಯಂಗೂ ಇದಕ್ಕೂ ಮಧ್ಯೆ ವೋಲ್ಟೇಜ್ ನೋಡಿ ತಾನೇ ಕೂಡಿಸುವ, ಬಿಡಿಸುವ ಸ್ವಿಚ್, ಅಂದರೆ ರಿಲೇ ಒಂದು ಹಾಕಿಬಿಡಿ, ಸೋಲಾರೇ ಎರಡನ್ನೂ ನೋಡಿಕೊಳ್ಳುತ್ತದೆ.

ಹದಿನಾಲ್ಕರಸ್ಪ್ಯಾನರ್:
ತಡೀರಿ, ಈಗಲೇ ಏನೂ ಕೊಳ್ಳಬೇಡಿ. ಹತ್ತು ಆಂಪಿಯರ್ ಚಾರ್ಜರ್ ಒಂದು ಗಂಟೆಯಲ್ಲಿ ಹಾಕೋದೇ ಹತ್ತು ಆಂಪಿಯರ್ ಅವರ್. ಖಾಲಿಯಾದ 180ರ ಬ್ಯಾಟರಿ ಅಷ್ಟಕ್ಕೆ ತುಂಬಿತು ಅಂದರೆ ನಂಬೋಕಾಗುತ್ತಾ? ಚಾರ್ಜರ್ ಸುಳ್ಳು ಹೇಳುತ್ತಿಲ್ಲ, ಆದರೆ ಅದಕ್ಕೆ ಕಾಣೋದು ಎರಡೂ ಬ್ಯಾಟರಿಯ ಒಟ್ಟು ವೋಲ್ಟೇಜ್ ಮಾತ್ರ. ಒಳಗೆ ಯಾರು ಎಷ್ಟು ತಿಂದರು ಅನ್ನೋದು ಅದಕ್ಕೆ ಗೊತ್ತಿಲ್ಲ.

ಒಂದು ಕೆಲಸ ಮಾಡಿ. ರಾತ್ರಿಯಿಡೀ ಏನೂ ಮುಟ್ಟದೆ ಬಿಟ್ಟು, ಬೆಳಿಗ್ಗೆ ಎರಡೂ ಬ್ಯಾಟರಿಯನ್ನು ಬೇರೆ ಬೇರೆಯಾಗಿ ಅಳೆಯಿರಿ. ಚಾಸಿಗೆ, ಅಂದರೆ ಗಾಡಿಯ ಚೌಕಟ್ಟಿಗೆ, ಅರ್ಥ್ ಆಗಿರೋದನ್ನು ಕೆಳಗಿನದು ಅನ್ನೋಣ, ಇನ್ನೊಂದು ಮೇಲಿನದು. ಆಮೇಲೆ ಹೇಗಾದರೂ ಮಾಡಿ ಎಂಜಿನ್ ಸ್ಟಾರ್ಟ್ ಮಾಡಿ, ಓಡುತ್ತಿರುವಾಗಲೂ ಹಾಗೇ ಎರಡು ಸಲ ಅಳೆಯಿರಿ. ಇನ್ನೊಂದು ಮಾತು, ಎರಡರಲ್ಲಿ ಒಂದಕ್ಕೆ ನೀರು ಜಾಸ್ತಿ ಹಾಕಬೇಕಾಗುತ್ತಿದೆಯಾ?

ಗಾಲಿಮನೆ:
ಗುರುಗಳೇ, ನೀರಿನ ವಿಷಯ ನಿಮಗೆ ಹೇಗೆ ಗೊತ್ತಾಯ್ತು! ಮೇಲಿನದು ನೀರು ಕುಡಿಯುತ್ತಲೇ ಇರುತ್ತದೆ. ಇವತ್ತು ಮುಚ್ಚಳ ತೆಗೆದು ಟಾರ್ಚ್ ಬಿಟ್ಟು ನೋಡಿದರೆ ಮೂರು ಸೆಲ್‌ನಲ್ಲಿ ಪ್ಲೇಟಿನ ತುದಿ ಹೊರಗೇ ಕಾಣುತ್ತಿದೆ. ಬ್ಯಾಟರಿ ತಲೆ ಮೇಲೆಲ್ಲ ಒದ್ದೆ, ಟರ್ಮಿನಲ್ ಸುತ್ತ ಬಿಳಿ ಹುಡಿ. ಕೆಳಗಿನದು ಒಣಗಿ ಲಕ್ಷಣವಾಗಿದೆ, ಅದಕ್ಕೆ ಅದೇ ಒಳ್ಳೇದು ಅಂದುಕೊಂಡಿದ್ದೆ.

ಅಳತೆ ಹೀಗಿದೆ. ಬೆಳಿಗ್ಗೆ ಸುಮ್ಮನಿದ್ದಾಗ ಮೇಲಿನದು 12.9, ಕೆಳಗಿನದು 11.9. ಪಕ್ಕದ ಲಾರಿಯವರು ಕೇಬಲ್ ಕೊಟ್ಟು ಸ್ಟಾರ್ಟ್ ಮಾಡಿಸಿದರು. ಎಂಜಿನ್ ಓಡುವಾಗ ಒಟ್ಟು 28.2. ಅದರಲ್ಲಿ ಮೇಲಿನದು 15.1, ಕೆಳಗಿನದು 13.1.

ಹದಿನಾಲ್ಕರಸ್ಪ್ಯಾನರ್:
ಸಿಕ್ಕಿತು. ಸೆಲ್ಫ್ ಮೋಟರ್ ಬಿಚ್ಚಬೇಡಿ.

ಎಂಜಿನ್ ಓಡುವಾಗ ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್ ಕೊಡೋದು ಒಟ್ಟು 28.2. ಅದು ಎರಡು ಸಮ ಪಾಲಾಗಿ 14.1, 14.1 ಹೋಗಬೇಕಿತ್ತು. ನಿಮ್ಮ ಗಾಡಿಯಲ್ಲಿ ಕೆಳಗಿನ ಬ್ಯಾಟರಿ ಹಸಿದಿದೆ, 13.1ರಲ್ಲೇ ಇದೆ. ಉಳಿದದ್ದೆಲ್ಲ ಮೇಲಿನದರ ತಲೆಗೆ. 15.1ರಲ್ಲಿ ಓಡಿಸಿದರೆ ನೀರು ಒಡೆದು ಗ್ಯಾಸ್ ಆಗಿ ಹೋಗದೆ ಇನ್ನೇನಾಗುತ್ತದೆ? ನೀವು ಚೆನ್ನಾಗಿದೆ ಅಂದುಕೊಂಡದ್ದೇ ಖಾಲಿ. 11.9 ಅಂದರೆ ಕಾಲು ಭಾಗವೂ ಉಳಿದಿಲ್ಲ. ತುಂಬಿದ್ದರೆ ಸುಮ್ಮನಿದ್ದಾಗ 12.6, 12.7 ತೋರಿಸಬೇಕು.

ಹೀಗಾಗೋದಕ್ಕೆ ನಾನು ಕಂಡ ಹಾಗೆ ಹತ್ತರಲ್ಲಿ ಒಂಬತ್ತು ಸಲ ಕಾರಣ ಒಂದೇ. ಎರಡು ಬ್ಯಾಟರಿಗಳನ್ನು ಜೋಡಿಸುವ ದಪ್ಪ ಕೇಬಲ್ ಇದೆಯಲ್ಲ, ಆ ನಡುವಿನ ಟರ್ಮಿನಲ್‌ನಿಂದ ಯಾರೋ 12 ವೋಲ್ಟ್ ಎಳೆದುಕೊಂಡಿರುತ್ತಾರೆ. ಸುಲಭ ನೋಡಿ, 12 ವೋಲ್ಟ್ ಪುಕ್ಕಟೆ ಸಿಗುತ್ತದೆ, ಆದರೆ ಅಷ್ಟೂ ಹೋಗೋದು ಕೆಳಗಿನ ಒಂದೇ ಬ್ಯಾಟರಿಯಿಂದ. ಹೋಗಿ ನೋಡಿ, ಒಂದು ಸಣ್ಣ ವೈರ್ ಇರಲೇಬೇಕು.

ಗಾಲಿಮನೆ:
ಇದೆ. ಒಂದಲ್ಲ, ಎರಡು. ಒಂದು ಹಳೇ ಓನರ್ ಹಾಕಿದ್ದು, ಮ್ಯೂಸಿಕ್ ಸಿಸ್ಟಂಗೆ. ಇನ್ನೊಂದು, ಹೇಳೋಕೆ ನಾಚಿಕೆ, ನಾನೇ ಹಾಕಿದ್ದು. ಗ್ಯಾಸ್ ಲೀಕ್ ಅಲಾರಂ 12 ವೋಲ್ಟಿನದು ಸಿಕ್ಕಿತ್ತು, ಹತ್ತಿರ ಇದೆ ಅಂತ ಅಲ್ಲಿಗೇ ಕೊಟ್ಟೆ. ಆದರೆ ಅಲಾರಂ ಎಷ್ಟು ತಿನ್ನುತ್ತದೆ, ಒಂದು ಸಣ್ಣ ದೀಪದಷ್ಟು ಅಲ್ವಾ?

ಹದಿನಾಲ್ಕರಸ್ಪ್ಯಾನರ್:
ಅಳೆದು ನೋಡಿ. ಮಲ್ಟಿಮೀಟರನ್ನು 10 ಆಂಪಿಯರ್ ಸಾಕೆಟ್‌ಗೆ ಹಾಕಿ ಆ ಎರಡು ವೈರಿಗೆ ಸೀರೀಸ್ ಹಿಡಿಯಿರಿ. ಆಮೇಲೆ ಮೇನ್ ನೆಗೆಟಿವ್‌ಗೂ ಹಾಗೇ ಹಿಡಿದು ಇಡೀ ಗಾಡಿ ಎಷ್ಟು ಎಳೆಯುತ್ತದೆ ನೋಡಿ. ಮೀಟರ್ ಸಿಕ್ಕಿಸಿರುವಾಗ ಮರೆತು ಸೆಲ್ಫ್ ಮಾತ್ರ ಹೊಡೀಬೇಡಿ, ಮೀಟರಿನ ಫ್ಯೂಸ್ ಹಾರುತ್ತದೆ. ನಾನು ಎರಡು ಹಾರಿಸಿದ್ದೇನೆ.

ಗಾಲಿಮನೆ:
ಆ ಎರಡು ವೈರ್ ಸೇರಿ 0.25 ಆಂಪಿಯರ್. ಅವೆರಡನ್ನೂ ತೆಗೆದ ಮೇಲೆ ಗಾಡಿಯ ಉಳಿದದ್ದೆಲ್ಲ 0.08.

ಹದಿನಾಲ್ಕರಸ್ಪ್ಯಾನರ್:
ಲೆಕ್ಕ ಹಾಕಿ. 0.25 ಅಂದರೆ ದಿನಕ್ಕೆ 6 ಆಂಪಿಯರ್ ಅವರ್. 21 ದಿನಕ್ಕೆ 126. ಅದೂ ಕೆಳಗಿನ ಒಂದೇ ಬ್ಯಾಟರಿಯಿಂದ. ಗಾಡಿಯ 0.08 ಎರಡರಿಂದಲೂ ಹೋಗುತ್ತದೆ, ಮೂರು ವಾರಕ್ಕೆ ಇನ್ನೊಂದು 40. ಎಲ್ಲ ಸೇರಿ ಕೆಳಗಿನದರ 180ರಲ್ಲಿ 166 ಹೋಯಿತು, ಅದರಲ್ಲಿ 126 ನಿಮ್ಮ ಆ ಎರಡು ವೈರೇ ನುಂಗಿದ್ದು.

ಈಗ ಮಾಡಬೇಕಾದ್ದು. ಮೊದಲು ಮೇನ್ ಸ್ವಿಚ್ ಆಫ್ ಮಾಡಿ, ಚಾಸಿ ಕಡೆಯ ನೆಗೆಟಿವ್ ಬಿಚ್ಚಿ, ಆಮೇಲೆ ನಡುವಿನ ಕೇಬಲ್ ತೆಗೆಯಿರಿ. ಕೈಯಲ್ಲಿ ಉಂಗುರ, ಬಳೆ, ವಾಚು ಇದ್ದರೆ ಪಕ್ಕಕ್ಕಿಡಿ, ಸ್ಪ್ಯಾನರಿಗೆ ಟೇಪ್ ಸುತ್ತಿಕೊಳ್ಳಿ. ಎರಡು ಟರ್ಮಿನಲ್ ನಡುವೆ ಸ್ಪ್ಯಾನರ್ ಬಿದ್ದರೆ ಅದು ಕೆಂಪಗೆ ಕಾಯುತ್ತದೆ, ತಮಾಷೆ ಅಲ್ಲ. ಮೇಲಿನದಕ್ಕೆ ಪ್ಲೇಟ್ ಮುಳುಗುವಷ್ಟು ಮಾತ್ರ ಡಿಸ್ಟಿಲ್ಡ್ ವಾಟರ್ ಹಾಕಿ, ಪೂರ್ತಿ ಮಟ್ಟಕ್ಕೆ ತರೋದು ಚಾರ್ಜ್ ಆದ ಮೇಲೆ, ಇಲ್ಲದಿದ್ದರೆ ಉಕ್ಕಿ ಚೆಲ್ಲುತ್ತದೆ. ಕೆಳಗಿನದನ್ನು 12 ವೋಲ್ಟ್ ಚಾರ್ಜರ್‌ಗೆ ಒಂಟಿಯಾಗಿ ಹಾಕಿ ಬಿಟ್ಟುಬಿಡಿ, ಬಾಗಿಲು ತೆಗೆದಿಟ್ಟು. ಕ್ಲಿಪ್ ತೆಗೆಯುವ ಮೊದಲು ಚಾರ್ಜರ್ ಆಫ್ ಮಾಡಿ, ಕ್ಲಿಪ್ ತೆಗೆಯುವಾಗ ಬರುವ ಕಿಡಿಗೂ ಚಾರ್ಜ್ ಆಗುವಾಗ ಬ್ಯಾಟರಿಯಿಂದ ಬರುವ ಹೈಡ್ರೋಜನ್‌ಗೂ ಆಗಲ್ಲ.

ಬಿಸಿಲುಕುದುರೆ:
ಸರಿ, ನಾನು ಹೊಸದು ಹಾಕಿ ಅಂದದ್ದು ತಪ್ಪಾಯ್ತು. ಹಾಕಿದ್ದರೆ ಅದನ್ನೂ ಕೊಲ್ಲುತ್ತಿತ್ತು. ಆದರೆ ರಿಲೇ ಏನು ತಪ್ಪು? ನನ್ನ ಗಾಡಿಯಲ್ಲಿ ಕೆಲಸ ಮಾಡುತ್ತಿದೆ.

ಹದಿನಾಲ್ಕರಸ್ಪ್ಯಾನರ್:
ನಿಮ್ಮದು ಎರಡೂ ಕಡೆ ಲೆಡ್ ಬ್ಯಾಟರಿ ಇರಬೇಕು, ಆಗ ರಿಲೇ ಚೆನ್ನಾಗೇ ಇದೆ. ಅದು ಸಾಮಾನ್ಯವಾಗಿ 26.6ರ ಹತ್ತಿರ ಕೂಡುತ್ತದೆ, 25.6ರ ಹತ್ತಿರ ಬಿಡುತ್ತದೆ. ಇವರ ಲಿಥಿಯಂ ಸುಮ್ಮನಿದ್ದರೂ 26 ದಾಟಿ ಕೂತಿರುತ್ತದೆ, ಹಾಗಾಗಿ ಒಮ್ಮೆ ಕೂಡಿದ ರಿಲೇ ಬಿಡೋದೇ ಇಲ್ಲ. ಬೆಳಿಗ್ಗೆ ಸೆಲ್ಫ್ ಹೊಡೆದಾಗ ನೂರಾರು ಆಂಪಿಯರ್ ಲಿಥಿಯಂ ಕಡೆಯಿಂದಲೂ ರಿಲೇಯ ಸಣ್ಣ ವೈರಲ್ಲಿ ಹರಿಯೋಕೆ ನೋಡುತ್ತದೆ. ಫ್ಯೂಸ್ ಹಾರಿದರೆ ಪುಣ್ಯ.

ಇವರಿಗೆ ನಾನಾದರೆ 5 ಆಂಪಿಯರಿನ ಚಿಕ್ಕ ಡಿಸಿ-ಡಿಸಿ ಚಾರ್ಜರ್ ಹಾಕುತ್ತೇನೆ. ಲಿಥಿಯಂನಿಂದ ತಗೊಂಡು ಎಂಜಿನ್ ಬ್ಯಾಟರಿ ಜೋಡಿಗೆ 27.2ರಿಂದ 27.6ರ ಒಳಗೆ ಫ್ಲೋಟ್, ಅಂದರೆ ತುಂಬಿದ್ದನ್ನು ತುಂಬಿಯೇ ಇಡುವ ವೋಲ್ಟೇಜ್, ಕೊಡುವ ಹಾಗೆ, ಲೆಡ್ ಸೆಟಿಂಗ್‌ನಲ್ಲಿ. ಫ್ಯೂಸ್ ಎರಡೂ ತುದಿಗೆ ಬೇಕು, ಎರಡೂ ಕಡೆ ಬ್ಯಾಟರಿ ಇದೆಯಲ್ಲ. ಮೇನ್ ಸ್ವಿಚ್ ಆಫ್ ಮಾಡಿದರೂ ಚಾರ್ಜ್ ಆಗಬೇಕು ಅಂದರೆ ವೈರನ್ನು ಸ್ವಿಚ್‌ನ ಬ್ಯಾಟರಿ ಕಡೆಗೇ ಕೊಡಿ. ಅಲಾರಂಗೂ ಮ್ಯೂಸಿಕ್‌ಗೂ ಲಿಥಿಯಂನಿಂದ 24ರಿಂದ 12ಕ್ಕೆ ಇಳಿಸುವ ಕನ್ವರ್ಟರ್ ಒಂದು. ಬ್ಯಾಟರಿಗಳ ನಡುವಿನ ಟರ್ಮಿನಲ್ ಇನ್ನು ಮುಂದೆ ಯಾರೂ ಮುಟ್ಟಬಾರದು.

ಗಾಲಿಮನೆ:
ನಾಲ್ಕು ದಿನ ಬಿಟ್ಟು ಬರೆಯುತ್ತಿದ್ದೇನೆ. ಕೆಳಗಿನದು ಸಂಜೆ ಹಾಕಿದ್ದು, ಮಾರನೇ ದಿನ ಮಧ್ಯಾಹ್ನದ ತನಕ ಎಳೆಯುತ್ತಲೇ ಇತ್ತು. ಅರ್ಧ ದಿನ ಬಿಟ್ಟು ಅಳೆದರೆ 12.5. ಮೇಲಿನದು 12.7. ಸೆಲ್ಫ್ ಹೊಡೆಯುವಾಗ ಹೆಂಡತಿ ಕೀ ತಿರುಗಿಸಿದಳು, ನಾನು ಮೀಟರ್ ಹಿಡಿದೆ. ಕೆಳಗಿನದು 10.1ಕ್ಕೆ ಇಳಿಯಿತು, ಮೇಲಿನದು 10.4. ಎರಡನೇ ಸುತ್ತಿಗೇ ಎಂಜಿನ್ ಹತ್ತಿಕೊಂಡಿತು. ಓಡುವಾಗ 14.2, 14.0. ಆ ಎರಡು ವೈರ್ ಕಿತ್ತು ಜೇಬಲ್ಲಿಟ್ಟುಕೊಂಡಿದ್ದೇನೆ, ಮತ್ತೆ ಅಲ್ಲಿಗೆ ಸಿಕ್ಕಿಸುವ ಮನಸ್ಸಾಗದಿರಲಿ ಅಂತ. ಕೆಳಗಿನದು ಇನ್ನು ಎಷ್ಟು ದಿನ ಬಾಳುತ್ತದೆ?

ಹದಿನಾಲ್ಕರಸ್ಪ್ಯಾನರ್:
ಬಾಳಬಹುದು. ಅಷ್ಟು ಸಲ ಖಾಲಿಯಾದದ್ದಕ್ಕೆ ಪ್ಲೇಟಿನ ಮೇಲೆ ಸ್ವಲ್ಪ ಸಲ್ಫೇಟ್ ಗಟ್ಟಿಯಾಗಿ ಕೂತೇ ಇರುತ್ತದೆ. ವಾರಕ್ಕೊಮ್ಮೆ ಎರಡನ್ನೂ ಬೇರೆ ಬೇರೆ ಅಳೆದು ಬರೆದಿಡಿ. ಸೆಲ್ಫ್ ಹೊಡೆಯುವಾಗ ಒಂದು 9.6ಕ್ಕಿಂತ ಕೆಳಗೆ ಹೋಗೋಕೆ ಶುರುವಾದರೆ ಆಗ ಬದಲಾಯಿಸಿ, ಅದೂ ಜೋಡಿಯಾಗಿ. ಹಳೇದರ ಜತೆ ಹೊಸದೊಂದು ಕೂರಿಸಿದರೆ ಮತ್ತೆ ಇದೇ 15.1ರ ಕಥೆ.