ಮೈಗೆ ಒಂದಿಷ್ಟು ವಿಶ್ರಾಂತಿ ಕೊಡೋಕೆ ಹೊತ್ತು ಹೇಗೆ ಹೊಂದಿಸಿದ್ರಿ? ನಿಮ್ಮ ಅನುಭವ ಹೇಳಿ

ಟೀಚರ್, ಹಾಸನ:
ಖಾಸಗಿ ಶಾಲೆ ಕೆಲಸ, ಇಬ್ಬರು ಮಕ್ಕಳು, ಮಂಡಿನೋವಿನ ಅತ್ತೆ. ಬೆಳಿಗ್ಗೆ 4:30ಕ್ಕೆ ಎದ್ರೆ ಮಲಗೋದು 11ಕ್ಕೆ. ಆರು ತಿಂಗಳಿಂದ ಮೆಟ್ಟಿಲು ಹತ್ತಿದ್ರೆ ಏದುಸಿರು, ತಲೆ ಬಾಚಿದ್ರೆ ಕೂದಲು ಕೈಗೆ ಬರುತ್ತೆ. ಕೆಲಸ ಬಿಡೋ ಹಾಗಿಲ್ಲ. ನೀವೆಲ್ಲ ಏನು ಮಾಡಿದ್ರಿ?

ಸೊಸೆ, ಮೂಡಿಗೆರೆ:
ನಾನು ಅಡುಗೆಗೆ ಜನ ಇಟ್ಟೆ. ಸಂಬಳ 19,000, ಅದರಲ್ಲಿ 4,500 ಆಕೆಗೆ. ಬೆಳಗಿನ ತಿಂಡಿ, ಮಧ್ಯಾಹ್ನದ ಸಾರು-ಪಲ್ಯ ಅಷ್ಟೇ. ನಮ್ಮತ್ತೆ ಮೂರು ದಿನ ಬರೀ ಅವಲಕ್ಕಿ-ಮೊಸರು ತಿಂದ್ರು. ನಾನು ಜಗ್ಗಲಿಲ್ಲ. ಮೊದಲು ಬಂದವಳು ಡಿಸೆಂಬರ್‌ನಲ್ಲಿ ಕಾಫಿ ಕೊಯ್ಲು ಶುರುವಾದ ಕೂಡಲೇ ಹೋದಳು. ಕೆಜಿ ಲೆಕ್ಕದಲ್ಲಿ ಹಣ್ಣು ಕೊಯ್ದ್ರೆ ಅಲ್ಲೇ ಜಾಸ್ತಿ ಸಿಗುತ್ತೆ, ಯಾಕೆ ನಿಲ್ತಾಳೆ? ಎರಡನೆಯವಳಿಗೆ ಕೊಟ್ಟ ಮುಂಗಡ 3,000 ಹೋಯ್ತು, ಅವಳೂ ಹೋದಳು. ಈಗಿರೋ ಅಕ್ಕ ಎರಡು ವರ್ಷದಿಂದ ಇದ್ದಾರೆ. ಸಂಜೆ ಹಿತ್ತಿಲ ಕಟ್ಟೆ ಮೇಲೆ ಕಾಲು ಚಾಚಿ 20 ನಿಮಿಷ ಕೂರ್ತೀನಿ. ಯಾರು ಕರೆದ್ರೂ ಏಳಲ್ಲ.

ಬೆಳೆಗಾರ, ಸಕಲೇಶಪುರ:
ರೊಬಸ್ಟಾ ಕಾಫಿ ತೋಟ ಇರೋರಿಗೆ ಗೊತ್ತು. ಕೊಯ್ಲು ಮುಗಿಯೋ ಹೊತ್ತಿಗೆ ಹೂವಿಗೆ ನೀರು ಹೊಡೀಬೇಕು. ತ್ರೀ ಫೇಸ್ ಕರೆಂಟ್ ಬರೋದು ರಾತ್ರಿ. ಮೂರು ಗಂಟೆಗೊಮ್ಮೆ ಎದ್ದು ಟಾರ್ಚ್ ಹಿಡಿದು ಪೈಪ್ ಬದಲಾಯಿಸಬೇಕು. ಹೀಗೇ ನಾಲ್ಕು ವರ್ಷ. ಬಿಪಿ 160/100 ಆಯ್ತು. ಮನೆಯವರ ಕಾಟಕ್ಕೆ ಪ್ರಕೃತಿ ಚಿಕಿತ್ಸೆಗೆ 10 ದಿನ ಹೋದೆ, 32,000. ಚೆನ್ನಾಗಿ ನಿದ್ದೆ ಬಂತು, ಸುಳ್ಳು ಹೇಳಲ್ಲ. ವಾಪಸ್ ಬಂದ್ರೆ ಮೋಟರ್ ಸುಟ್ಟು ಕೂತಿದೆ. ರೀವೈಂಡಿಂಗ್ 11,500, ಎತ್ತಿ ಇಳಿಸೋಕೆ 2,800. ಎರಡು ಎಕರೆಗೆ ನೀರು ಸಾಲದೆ ಮೊಗ್ಗು ಸರಿಯಾಗಿ ಅರಳಲಿಲ್ಲ. ಆ ವರ್ಷ ಆ ಜಾಗದಲ್ಲಿ 9 ಮೂಟೆ ಕಮ್ಮಿ. ಆ ನಷ್ಟ ನೆನೆಸ್ಕೊಂಡ್ರೆ ಈಗಲೂ ನಿದ್ದೆ ಹಾರುತ್ತೆ.

ಹಸು ಸಾಕಿದವಳು, ಚನ್ನರಾಯಪಟ್ಟಣ:
ಸಂಬಳ ಬರೋರು ಅಡುಗೆಯವರನ್ನ ಇಟ್ಕೋತಾರೆ, ತೋಟ ಇರೋರು 32,000 ಕೊಟ್ಟು ಮಲಗಿ ಬರ್ತಾರೆ. ಹಸು ಕಟ್ಟಿದವಳಿಗೆ ಭಾನುವಾರ ಎಲ್ಲಿದೆ? ನನಗೆ ಜ್ವರ ಬಂದು ಎರಡು ದಿನ ಮಲಗಿದ್ದೆ. ನಮ್ಮೆಜಮಾನ್ರು ಅರ್ಧ ಹಾಲು ಕೆಚ್ಚಲಲ್ಲೇ ಬಿಟ್ಟು ಕರೆದು ಎದ್ದಿದ್ದಾರೆ. ಮೂರನೇ ದಿನ ಕೆಚ್ಚಲು ಬಾವು. ಮುಟ್ಟಿದ್ರೆ ಕಲ್ಲಿನ ಹಾಗೆ, ಸುಡ್ತಿತ್ತು, ಹಾಲಲ್ಲಿ ಗಸಿ. ಇಂಜೆಕ್ಷನ್ನಿಗೆ 3,600 ಹೋಯ್ತು, ಒಂದು ಮೊಲೆ ಬತ್ತೇ ಹೋಯ್ತು. 68,000 ಕೊಟ್ಟು ತಂದ ಹಸು 31,000ಕ್ಕೆ ಮಾರಿದೆ. ಆಮೇಲೆ ನಾಲ್ಕರಲ್ಲಿ ಎರಡೇ ಉಳಿಸ್ಕೊಂಡೆ. ದುಡ್ಡು ಕಮ್ಮಿ, ಆದ್ರೆ ಮಧ್ಯಾಹ್ನ ಒಂದು ಗಂಟೆ ಹೊತ್ತು ಚಾಪೆ ಕಂಡಿದ್ದೀನಿ.

ಸೊಸೆ, ಮೂಡಿಗೆರೆ:
ಅಕ್ಕಾ, 19,000 ಸಂಬಳದವಳನ್ನ ಶ್ರೀಮಂತಳ ಥರ ನೋಡಬೇಡಿ. ಒಂದು ಚಿನ್ನದ ಬಳೆ ಅಡವಿಟ್ಟು ಆ ವರ್ಷ ತೂಗಿಸಿದ್ದೀನಿ.

ಬೆಳೆಗಾರ, ಸಕಲೇಶಪುರ:
ನನಗೂ ಬೇಜಾರಾಯ್ತು. ಮಲಗಿ ಬರೋಕೆ ಹೋಗಿದ್ದಲ್ಲಮ್ಮ, ಬಿಪಿಗೆ ಹೋಗಿದ್ದು. ಈಗ ವಾರಕ್ಕೊಮ್ಮೆ ಎಳ್ಳೆಣ್ಣೆ ಹಚ್ಚಿ ಹಂಡೆ ನೀರು ಹುಯ್ಕೋತೀನಿ, ಅದೇ ಸಾಕು. ಮೇಡಂ, ನೀವೂ ಅದನ್ನೇ ಮಾಡಿ.

ನರ್ಸ್, ಚಿಕ್ಕಮಗಳೂರು:
ಎಣ್ಣೆ ಆಮೇಲೆ. ಮೇಡಂ, ಮೊದಲು ರಕ್ತ ಪರೀಕ್ಷೆ ಮಾಡಿಸಿ. ಹಿಮೋಗ್ಲೋಬಿನ್, ಥೈರಾಯ್ಡ್ ಎರಡೂ. ನಾನು ಆಸ್ಪತ್ರೆಯಲ್ಲೇ ಕೆಲಸ ಮಾಡೋಳು, ನನ್ನದೇ ಹಿಮೋಗ್ಲೋಬಿನ್ 7.8ಕ್ಕೆ ಇಳಿದಿದ್ದು ಒಂದು ವರ್ಷ ಗೊತ್ತಾಗಲಿಲ್ಲ. ಹೆಂಗಸರಿಗೆ 12ಕ್ಕಿಂತ ಕಮ್ಮಿ ಇದ್ರೆ ರಕ್ತಹೀನತೆ. ನೈಟ್ ಡ್ಯೂಟಿ ಸುಸ್ತು ಅಂದ್ಕೊಂಡಿದ್ದೆ. ಮನೆಯವರು 'ಯೋಗ ಮಾಡು' ಅಂತಿದ್ರು, ಆ ಮಾತು ಇನ್ನೂ ಚುಚ್ಚುತ್ತೆ. ಕಬ್ಬಿಣದ ಮಾತ್ರೆ ಶುರು ಮಾಡಿ ಎರಡು ತಿಂಗಳಾದ್ರೂ ಏರಲಿಲ್ಲ. ಯಾಕಂದ್ರೆ ಮಾತ್ರೆ ನುಂಗಿ ಮೇಲೆ ಕಾಫಿ ಕುಡೀತಿದ್ದೆ. ಕಾಫಿ, ಟೀ ಕಬ್ಬಿಣಾಂಶ ಮೈಗೆ ಹತ್ತೋಕೆ ಬಿಡಲ್ಲ. ನಿಂಬೆ ನೀರಲ್ಲಿ ತಗೊಂಡೆ, ಕಾಫಿ ಎರಡು ಗಂಟೆ ಬಿಟ್ಟು. ಮಲ ಕಪ್ಪಗಾಗುತ್ತೆ, ಹೆದರಬೇಡಿ. 12 ದಾಟಿದ ಮೇಲೂ ಡಾಕ್ಟ್ರು ಮೂರು ತಿಂಗಳು ಬಿಡಿಸಲಿಲ್ಲ. ಕಾರಣ ಇದಾಗಿದ್ರೆ ಎಷ್ಟು ಹೊತ್ತು ಮಲಗಿದ್ರೂ ಸುಸ್ತು ಹೋಗಲ್ಲ.

ಹಸು ಸಾಕಿದವಳು, ಚನ್ನರಾಯಪಟ್ಟಣ:
ಎಳ್ಳೆಣ್ಣೆ ಯಾರು ಹೇಳಿದ್ದು? ನಮ್ಮ ಕಡೆ ತಲೆಗೆ ಹರಳೆಣ್ಣೆ, ಸೀಗೆಪುಡಿ. ತಂಪು ಅಂದ್ರೆ ಅದು.

ಬೆಳೆಗಾರ, ಸಕಲೇಶಪುರ:
ಮಲೆನಾಡ ಮಳೆಯಲ್ಲಿ ಹರಳೆಣ್ಣೆ ಹಚ್ಚಿ ನೋಡಿ, ವಾರ ಪೂರ್ತಿ ನೆಗಡಿ. ನಮ್ಮ ಹವಾ ನಿಮಗೇನು ಗೊತ್ತು?

ಟೀಚರ್, ಹಾಸನ:
ಶನಿವಾರ ಅರ್ಧ ದಿನ ಶಾಲೆ, ರಕ್ತ ಪರೀಕ್ಷೆಗೆ ಹೋಗಿ ಬರ್ತೀನಿ. ಖಾಲಿ ಹೊಟ್ಟೆಲಿ ಹೋಗಬೇಕಾ?

ನರ್ಸ್, ಚಿಕ್ಕಮಗಳೂರು:
ಇವೆರಡಕ್ಕೆ ಬೇಡ. ಸಕ್ಕರೆನೂ ನೋಡಿಸೋದಾದ್ರೆ ಬೆಳಿಗ್ಗೆ ಏನೂ ತಿನ್ನದೆ ಹೋಗಿ.

ಹಸು ಸಾಕಿದವಳು, ಚನ್ನರಾಯಪಟ್ಟಣ:
ಹವಾ ಬೇರೆ ಆದ್ರೆ ತಲೆನೂ ಬೇರೆನಾ ಸರ್? ನಮ್ಮಜ್ಜಿ ಕೊನೇವರೆಗೂ ಅದನ್ನೇ ಹಚ್ಚಿದ್ದು, ಒಂದು ದಿನ ಸೀನಿದ್ದು ನೋಡಿಲ್ಲ ನಾನು.