ಪಟ್ಟಿಯ ಮೇಲೆ ಒಂದು ಪರಿಮಳ, ಮೈಮೇಲೆ ಇನ್ನೊಂದು

ತುಂಗಾತೀರ (ತೀರ್ಥಹಳ್ಳಿ):
ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ ಕಾಗದದ ಪಟ್ಟಿಗೆ ಸಿಂಪಡಿಸಿ ತೋರಿಸಿದ ಸೆಂಟು ಆಗತಾನೇ ಸುಲಿದ ಕಿತ್ತಳೆಯಂತೆ ಘಮಘಮಿಸಿದ್ದರಿಂದ ಹಿಂದೆಮುಂದೆ ನೋಡದೆ ಕೊಂಡೆ. ಮಣಿಕಟ್ಟಿಗೆ ಹಾಕಿಕೊಂಡು ಬಸ್ಸು ಹತ್ತಿದರೆ, ಮಂಡಗದ್ದೆ ದಾಟುವಷ್ಟರಲ್ಲಿ ಕಿತ್ತಳೆ ಮಾಯವಾಗಿ, ಬೆವರಿನೊಂದಿಗೆ ಬೆರೆತ ಒಂದು ಬಗೆಯ ಹುಳಿಸಿಹಿ ವಾಸನೆಯಷ್ಟೇ ಉಳಿದಿತ್ತು. ಅದೇ ಸೀಸೆಯದು ನನ್ನ ಅತ್ತಿಗೆಯ ಮೈಮೇಲೆ ಸಂಜೆಯವರೆಗೂ ಚೆನ್ನಾಗಿರುತ್ತದೆ. ಮೈಯ ಸಹಜ ವಾಸನೆಯನ್ನು ಮುಚ್ಚದೆ ಅದರೊಡನೆ ಹೊಂದಿಕೊಳ್ಳುವಂಥದ್ದು ಇದ್ದರೆ ದಯವಿಟ್ಟು ತಿಳಿಸಿ.

ಮಳೆಬಿಲ್ಲು (ಕೊಪ್ಪ):
ಪಟ್ಟಿಯನ್ನು ನಂಬಿದ್ದೇ ತಪ್ಪಾಯಿತು. ಕಾಗದಕ್ಕೆ ಕಾವಿಲ್ಲ, ಜಿಡ್ಡಿಲ್ಲ, ಬೆವರಿಲ್ಲ. ಕಿತ್ತಳೆ ಸಿಪ್ಪೆಯ ಎಣ್ಣೆಯಲ್ಲಿ ಬಹುಪಾಲು ಇರುವ ಲಿಮೊನೀನ್ ಹಗುರವಾದ ಅಣುವಾದ್ದರಿಂದ ಮೈಯ ಕಾವಿಗೆ ಅದೇ ಮೊದಲು ಹಾರಿಹೋಗುತ್ತದೆ. ಚರ್ಮ ಒಣಗಿದ್ದರಂತೂ ಇನ್ನೂ ಬೇಗ. ಬೆವರಿಗೆ ತನ್ನದೆಂಬ ವಾಸನೆ ಅಷ್ಟಾಗಿ ಇಲ್ಲ. ಚರ್ಮದ ಮೇಲಿನ ಬ್ಯಾಕ್ಟೀರಿಯಾಗಳು ಅದನ್ನು ಒಡೆದಾಗ ಹುಟ್ಟುವ ವಾಸನೆ ಒಬ್ಬೊಬ್ಬರದು ಒಂದೊಂದು ಬಗೆಯಾದ್ದರಿಂದ, ನಿಮ್ಮ ಅತ್ತಿಗೆಯವರಿಗೆ ಒಪ್ಪಿದ್ದು ನಿಮಗೂ ಒಪ್ಪಬೇಕೆಂದೇನಿಲ್ಲ. ಇನ್ನು ಮುಂದೆ ಮುಂಗೈಗೆ ಹಾಕಿಸಿಕೊಂಡು, ಪೇಟೆಯ ಉಳಿದ ಕೆಲಸ ಮುಗಿಸಿ, ಎರಡು ಗಂಟೆಯ ನಂತರ ಮೂಸಿ ನೋಡಿಯೇ ದುಡ್ಡು ಕೊಡಿ.

ಸುರಗಿಮಾಲೆ (ಸಾಗರ):
1944ರಲ್ಲೇ ಗಂಧದೆಣ್ಣೆಯ ಕಾರ್ಖಾನೆ ಕಂಡ ಶಿವಮೊಗ್ಗಕ್ಕೆ ಹೋಗಿ ಕಿತ್ತಳೆ ಸೆಂಟು ತಂದಿರಲ್ಲ! ಗಂಧದೆಣ್ಣೆಯ ಮುಖ್ಯ ಅಂಶವಾದ ಸ್ಯಾಂಟಲಾಲ್ ನಿಧಾನವಾಗಿ ಆವಿಯಾಗುವುದರಿಂದ ಅದರ ಮೆಲುವಾದ ಪರಿಮಳ ಮೈಗೆ ಅಂಟಿಕೊಂಡೇ ಇರುತ್ತದೆ. ಉತ್ತರ ಪ್ರದೇಶದ ಕನೌಜಿನ ಸಾಂಪ್ರದಾಯಿಕ ಅತ್ತರುಗಳಲ್ಲಿ ಹೂವಿನ ಆವಿಯನ್ನು ಗಂಧದೆಣ್ಣೆಗೆ ಇಳಿಸುವುದೂ ಇದೇ ಕಾರಣಕ್ಕೆ. ಅಸಲಿ ಎಣ್ಣೆ ದುಬಾರಿಯೆನಿಸಿದರೆ ಲಾವಂಚದ ಅತ್ತರನ್ನು ನೋಡಿ; ಒಂದು ಹನಿ ಸಾಕು. ನಮ್ಮಜ್ಜಿ ಒಣಗಿದ ಸುರಗಿ ಸರವನ್ನು ಸೀರೆಯ ಮಡಿಕೆಯಲ್ಲಿ ಇಟ್ಟಿರುತ್ತಿದ್ದರು. ಆ ಸೀರೆ ಉಟ್ಟು ಒಲೆಯ ಮುಂದೆ ಕುಳಿತು ಮೈ ಬೆಚ್ಚಗಾದ ಮೇಲೆಯೇ ಅದರ ಘಮ ಏಳುತ್ತಿದ್ದುದು.

ಹಳೇಪೇಟೆ (ಶಿವಮೊಗ್ಗ):
ಹೊಸ ಬಗೆಯದು ಬೇಕಿದ್ದರೆ 2006ರಲ್ಲಿ ಬಂದ ಮಾಲಿಕ್ಯೂಲ್ 01 ಎಂಬ ಸೆಂಟು ಇದೆ. ಅದರಲ್ಲಿರುವ ಪರಿಮಳದ್ರವ್ಯ ಐಸೊ ಇ ಸೂಪರ್ ಎಂಬ ಕೃತಕ ವಸ್ತು ಒಂದೇ; ಮರದಂಥ ತೆಳುವಾದ ವಾಸನೆ. ಮೂಗು ಬೇಗ ಒಗ್ಗಿಹೋಗುವುದರಿಂದ ಹಾಕಿಕೊಂಡವರಿಗೆ ಏನೂ ಇಲ್ಲವೆನಿಸಿದರೂ ಪಕ್ಕದವರಿಗೆ ತಿಳಿಯುತ್ತಲೇ ಇರುತ್ತದೆ. ಸೆಂಟುಗಳಿಗೆ ಬೆರೆಸುವ ಕೃತಕ ಕಸ್ತೂರಿಗಳಲ್ಲಿಯೂ ಕೆಲವು ಕೆಲವರ ಮೂಗಿಗೆ ಹತ್ತುವುದೇ ಇಲ್ಲ. ಆದ್ದರಿಂದ ಯಾವುದನ್ನೇ ಹಾಕಿಕೊಂಡರೂ ಮನೆಯವರನ್ನು ಕೇಳಿ.

ತುಂಗಾತೀರ:
ಎಲ್ಲರಿಗೂ ವಂದನೆಗಳು. ಮುಂಗೈಗೆ ಕೊಬ್ಬರಿ ಎಣ್ಣೆ ಸವರಿಕೊಂಡು ಗಂಧದೆಣ್ಣೆಯ ಒಂದು ಹನಿ ಹಚ್ಚಿ ನೋಡಿದೆ. ಮಧ್ಯಾಹ್ನದ ಹೊತ್ತಿಗೆ ನನಗಂತೂ ಏನೂ ತಿಳಿಯಲಿಲ್ಲ, ಆದರೆ ಊಟ ಬಡಿಸುವಾಗ ಅತ್ತೆಯವರು ಯಾವ ದೇವಸ್ಥಾನಕ್ಕೆ ಹೋಗಿದ್ದೆಯೆಂದು ಕೇಳಿದರು.