ಸಹಾಯ ಬೇಕು: ಟೆಲಿಸ್ಕೋಪ್ ಕನ್ನಡಿಗೆ ಬೂಷ್ಟು ಹಿಡಿದಿದೆ

ಎಲ್ಲರಿಗೂ ನಮಸ್ಕಾರ. ನಮ್ಮದು ತೀರ್ಥಹಳ್ಳಿ ಹತ್ತಿರದ ಒಂದು ಹಳ್ಳಿ. 6 ಇಂಚಿನ ನ್ಯೂಟೋನಿಯನ್ ಟೆಲಿಸ್ಕೋಪ್ (ಒಂದು ದೊಡ್ಡ, ಒಂದು ಚಿಕ್ಕ ಕನ್ನಡಿ ಇರುವಂಥದ್ದು) ಇದೆ. ಮಳೆಗಾಲವಿಡೀ ಅಟ್ಟದಲ್ಲಿ ಅಡಿಕೆ ಮೂಟೆ ಪಕ್ಕ ಇಟ್ಟುಬಿಟ್ಟೆ. ತಪ್ಪು ನಂದೇ, ಬೈಬೇಡಿ.

ಮೊನ್ನೆ ಟಾರ್ಚ್ ಬಿಟ್ಟು ನೋಡಿದರೆ ದೊಡ್ಡ ಕನ್ನಡಿಯ ಅಂಚಿನಲ್ಲಿ ಜೇಡರ ಬಲೆ ಥರ ಬೂಷ್ಟು ಹಬ್ಬಿದೆ. ಇನ್ನೂ ಬೆರಳು ತಾಗಿಸಿಲ್ಲ. ಅಲ್ಯೂಮಿನಿಯಂ ಲೇಪ ಗಾಜಿನ ಮೇಲ್ಗಡೆಯೇ ಇರುತ್ತದೆ ಅಲ್ವಾ, ಉಜ್ಜಿದರೆ ಗೀರು ಗ್ಯಾರಂಟಿ. ಡಿಸ್ಟಿಲ್ಡ್ ವಾಟರ್, ಹತ್ತಿಯಲ್ಲಿ ಹೋಗುತ್ತದಾ? ಲೇಪ ಮತ್ತೆ ಹಾಕಿಸಬೇಕಾ? ಹಾಕಿಸಿದವರಿದ್ದರೆ ಎಲ್ಲಿ, ಎಷ್ಟಾಯಿತು ತಿಳಿಸಿ.

ಮೀರಾ ನಕ್ಷತ್ರವನ್ನು ಗಮನಿಸಿ ಬರೆದಿಡುತ್ತಿದ್ದೇನೆ. ಸುಮಾರು 332 ದಿನಕ್ಕೊಮ್ಮೆ ಹೊಳೆಯುತ್ತದೆ, ಮಂಕಾದಾಗ ಬರಿಗಣ್ಣಿಗೆ ಕಾಣುವುದೇ ಇಲ್ಲ. ಈಗ ಆಕಾಶ ತಿಳಿಯಾಗಿದೆ, ಕನ್ನಡಿ ಮಾತ್ರ ಹೀಗೆ.